ಮೊದಲೇ ಬರೆದಿಟ್ಟ ವಂದನೆ

‘ಸ್ವಾಮೀಜಿಯವರ ಅಮೃತವಾಣಿಯಿಂದ ಪಾವನರಾದ ನಾವು’ ಎಂಬ ಸಾಲಿಗೆ ಬರುತ್ತಿದ್ದಂತೆ ಸುಶೀಲಾ ಅವರ ದನಿ ನಿಂತುಹೋಯಿತು. ವಂದನಾರ್ಪಣೆಯ ಆ ಹಾಳೆಯನ್ನು ಅವರು ಮೂರು ದಿನ ಮೊದಲೇ ಬರೆದಿಟ್ಟಿದ್ದರು. ಆದರೆ ಬೆಂಗಳೂರಿನಿಂದ ಬಂದಿದ್ದ ಸ್ವಾಮೀಜಿ ಈಗಷ್ಟೇ, “ಆ ಸಾಬರನ್ನ ಹೊಸ್ತಿಲು ದಾಟಿಸ್ಬೇಡಿ. ಅವರು ಕೊಟ್ಟ ನೀರಲ್ಲೂ ವಿಷ ಇರುತ್ತೆ,” ಎಂದು ಮಾತು ಮುಗಿಸಿದ್ದರು. ಜಪಾನಿನ ಕವಾಸಾಕಿಯ ಆ ಬಾಡಿಗೆ ಸಭಾಂಗಣದಲ್ಲಿ ಕೂತಿದ್ದ ಕನ್ನಡಿಗರು ನಕ್ಕು ಚಪ್ಪಾಳೆ ತಟ್ಟಿದ್ದರು.

ಕೊನೆಯ ಸಾಲಿನಲ್ಲಿ ಮೈಸೂರಿನ ತಬಸ್ಸುಮ್ ಇದ್ದಳು. ನಾಲ್ಕು ಕನ್ನಡದ ಮಾತು ಕಿವಿಗೆ ಬೀಳಲೆಂದು ಬಂದವಳು. ಸುಶೀಲಾ ಅವರ ಯಜಮಾನರು ಆಸ್ಪತ್ರೆಯಲ್ಲಿದ್ದ ಎರಡು ವಾರವೂ ದಿನಾ ಎರಡು ರೈಲು ಬದಲಿಸಿ ಗಂಜಿ ತಂದುಕೊಟ್ಟವಳು. ಇವತ್ತು ವೇದಿಕೆಗೆ ಸೇವಂತಿಗೆ ಜೋಡಿಸಿದವಳೂ ಅವಳೇ.

“ಓದಿ ಆಂಟಿ,” ಸಂಘದ ಕಾರ್ಯದರ್ಶಿ ವಿನಾಯಕ್ ಪಿಸುಗುಟ್ಟಿದ. “ಐದಕ್ಕೆ ಹಾಲ್ ಖಾಲಿ ಮಾಡ್ಬೇಕು. ತಮಾಷೆಗೆ ಅಂದಿದ್ದನ್ನೆಲ್ಲ ಅಷ್ಟು ಸೀರಿಯಸ್ಸಾಗಿ ತಗೋಬೇಡಿ.”

ಸ್ವಾಮೀಜಿ ಮುಗುಳ್ನಗುತ್ತಾ ಕಾಯುತ್ತಿದ್ದರು. ಸುಶೀಲಾ ಹಾಳೆಯಿಂದ ಕಣ್ಣೆತ್ತದೆ ಆ ಸಾಲನ್ನು ಪೂರ್ತಿ ಓದಿದರು. ಮತ್ತೆ ಚಪ್ಪಾಳೆ ಬಿತ್ತು. ಹಾಳೆಯಲ್ಲಿ ಆ ಸಾಲಿನ ಕೆಳಗೆ, ಹೂವಿನ ಅಲಂಕಾರಕ್ಕೆ ವಂದನೆ ಎಂದು ತಬಸ್ಸುಮ್ ಹೆಸರಿತ್ತು. ಇದನ್ನಾದರೂ ಅವಳ ಮುಖ ನೋಡಿಯೇ ಹೇಳಬೇಕೆಂದು ಅವರು ತಲೆ ಎತ್ತಿದರು. ಕೊನೆಯ ಸಾಲಿನಲ್ಲಿ ಅವಳಿರಲಿಲ್ಲ. ತಾನು ಕೂತಿದ್ದ ಕುರ್ಚಿಯನ್ನು ಈ ದೇಶದ ರೀತಿಯಂತೆ ಸದ್ದಾಗದ ಹಾಗೆ ಮಡಚಿ, ಗೋಡೆಗೆ ಒರಗಿಸಿಟ್ಟು ಹೋಗಿದ್ದಳು.