ಕೆಂಪು ಕಾರೋ, ಬೂದು ಕಾರೋ

ಇಟಲಿಯ ಕೆಂಪು ಕಾರು ಕೊಳ್ಳುವುದೋ, ಜರ್ಮನಿಯ ಬೂದು ಕಾರೋ ಎಂದು ತೀರ್ಮಾನವಾಗದೆ ಡಾಕ್ಟರ್ ಲವೀನಾ ಪಿಂಟೊ ಮಂಗಳೂರಿನಿಂದ ಮೈಸೂರಿಗೆ ಬಂದಿದ್ದಳು. ಅರ್ಧ ಶತಮಾನದ ಹಿಂದಿನ ಆ ಎರಡು ಬಾಗಿಲಿನ ಸುಂದರಿಯರು ಜೋಡಿಯಾಗಿ ಇದ್ದದ್ದು ಗೋಪಾಲರಾಜೇ ಅರಸರ ಷೆಡ್ಡಿನಲ್ಲಿ ಮಾತ್ರ. ಹಳೆಯ ಕಾರಿನ ಹುಚ್ಚಿದ್ದವರಿಗೆಲ್ಲ ಅರಸರ ಮಾತೇ ವೇದವಾಕ್ಯ.

"ಕೆಂಪು ಸಂಗೀತ ವಿದುಷಿ ಇದ್ದ ಹಾಗೆ, ಮನಸ್ಸು ಬಂದರೆ ಮಾತ್ರ ಹಾಡ್ತಾಳೆ. ಬೂದು ಗಣಿತದ ಮೇಷ್ಟ್ರು. ಬೆಲ್ ಹೊಡೆಯೋ ಮುಂಚೆ ಹಾಜರ್," ಎಂದರು ಅರಸರು.

"ತಿರುವಿನಲ್ಲಿ ಹೇಗೆ ಸಾರ್?"

"ಚಾಮುಂಡಿಬೆಟ್ಟ ಇಳೀವಾಗ ಕೆಂಪು ನೀರಿನ ಹಾಗೆ ಜಾರುತ್ತೆ. ಬೂದು ನೆಲ ಕಚ್ಚಿಕೊಂಡು ಹೋಗುತ್ತೆ." ಅರಸರು ಕಣ್ಣು ಮುಚ್ಚಿದರು. ಲವೀನಾಳಿಗೆ ರೋಮಾಂಚನವಾಯಿತು.

"ಹಾಗಾದರೆ ಎರಡರಲ್ಲೂ ಒಂದೊಂದು ರೌಂಡ್ ಹೋಗಿಬರೋಣ. ಆಮೇಲೆ ನಿರ್ಧಾರ ಮಾಡ್ತೇನೆ."

ಅರಸರು ಮೊದಲು ಮೋಡ ತೋರಿಸಿದರು. ಮೋಡ ಚದುರಿತು. ರಾಹುಕಾಲ ಎಂದರು. ಅದೂ ಕಳೆಯಿತು. ಟೈರಿನಲ್ಲಿ ಗಾಳಿ ಕಡಿಮೆಯಿರಬಹುದು ಎಂದು ರಾಗ ಎಳೆದಾಗ ಲವೀನಾಳಿಗೆ ಸಿಟ್ಟೇ ಬಂತು. ಹೆಂಗಸೆಂದು ಅನುಮಾನಿಸುತ್ತಿದ್ದಾರೆ ಎನಿಸಿತು.

"ನಾನೇ ಗಾಡಿ ಓಡಿಸ್ತೇನೆ ಅಂತ ಹೆದರಿಕೆಯಾ ಸಾರ್? ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲೂ ಓಡಿಸಿದವಳು ನಾನು."

ಅರಸರ ಮುಖ ಅರಳಿತು. ಅಡುಗೆಮನೆಯ ಕಿಟಕಿಯಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಒಮ್ಮೆ ನೋಡಿಕೊಂಡು, ಎರಡೂ ಕೀಲಿಗಳನ್ನು ಅವಳ ಅಂಗೈಗೆ ಹಾಕಿ ಪಿಸುಗುಟ್ಟಿದರು:

"ಹಾಗಾದರೆ ನೀವೇ ಓಡಿಸಿ ಡಾಕ್ಟ್ರೇ, ನಂಗೆ ಡ್ರೈವಿಂಗ್ ಬರಲ್ಲ. ಯಾವುದು ಚೆನ್ನಾಗಿ ಓಡುತ್ತೆ ಅಂತ ನಾನೂ ಇವತ್ತು ನೋಡಿಬಿಡ್ತೀನಿ."