ಕೊನೆಯ ಏಟು

ಆ ಕಾಡಿನ ಮರಗಳು ಕೊನೆಯ ಏಟು ಹಾಕಿದವರ ಮೇಲೆಯೇ ಬೀಳುತ್ತಿದ್ದವು. ಓಡಿದರೆ, ಓಡಿದ ಕಡೆಗೇ ತಿರುಗಿ ಬೀಳುತ್ತಿದ್ದವು. ಹಾಗಾಗಿ ಕಾಡು ಕಡಿದು ಕಟ್ಟುತ್ತಿದ್ದ ಆ ಹೊಸ ಊರಿನಲ್ಲಿ ಮನೆಗೊಂದೇ ಕಂಬ, ಕಂಬಕ್ಕೊಬ್ಬ ಹಿರಿಯ.

ಅಂದು ಬೊಮ್ಮಯ್ಯನ ಸರದಿ. ಸೊಸೆ ಈರಕ್ಕ ಬೆಳಿಗ್ಗೆಯೇ ಅವನಿಗೆ ಎಣ್ಣೆನೀರು ಹಾಕಿ, ಕೋಳಿಸಾರು ಬಡಿಸಿದ್ದಳು. ಮಗ ದುಗ್ಗಪ್ಪ ಮತ್ತಿಮರವನ್ನು ಬೆರಳಗಲ ಉಳಿಯುವವರೆಗೆ ಕಡಿದು, ಕೊಡಲಿಯನ್ನು ಅಪ್ಪನ ಕೈಗಿಟ್ಟು ಕಾಲಿಗೆ ಬಿದ್ದ.

ಮುದುಕ ಹೊಡೆದ. ಕೊಡಲಿ ಜಾರಿತು. ಮತ್ತೆ ಹೊಡೆದ. ತೊಗಟೆ ಹಾರಿತೇ ಹೊರತು ಮರ ಅಲುಗಲಿಲ್ಲ. ಮರ ಕಡಿದೇ ಬೆಳೆದ ದುಗ್ಗಪ್ಪನಿಗೆ ಆ ಹೊಡೆತ ನೋಡಲಾಗಲಿಲ್ಲ.

“ಹಂಗಲ್ಲ ಕಣಪ್ಪ, ಓರೆ ಮಾಡಿ ಹೊಡೀಬೇಕು. ತತ್ತಾ ಇಲ್ಲಿ,” ಎಂದು ಕಿತ್ತುಕೊಂಡು ಹೊಡೆದೇಬಿಟ್ಟ.

ಮರ ಲಟಲಟನೆ ಮುರಿಯಿತು. ದುಗ್ಗಪ್ಪ ತನ್ನ ಕೈಯಲ್ಲಿದ್ದ ಕೊಡಲಿಯನ್ನು ನೋಡಿದ. ಅಷ್ಟೇ. ಅವನ ತಲೆಯಿದ್ದ ಕಡೆ ಈಗ ಮರದ ಬೊಡ್ಡೆಯಿತ್ತು.

ಊರವರು ಎಂದಿನಂತೆ ರೆಂಬೆ ಸವರತೊಡಗಿದರು. ಈರಕ್ಕ ಅಳಲಿಲ್ಲ. ಗಂಡನ ಮುಷ್ಟಿ ಬಿಡಿಸಿ ಕೊಡಲಿ ಎಳೆದುಕೊಂಡಳು. ರಕ್ತವನ್ನು ಸೆರಗಿನಲ್ಲಿ ಒರೆಸಿ, ಅದನ್ನು ಮಾವನ ಕೈಗೆ ತುರುಕಿದಳು.

“ಕೊಟ್ಟಿಗೆಗೂ ಒಂದು ಕಂಬ ಬೇಕು ಮಾವ. ಈಗ ಗೊತ್ತಾಯ್ತಲ್ಲ, ಓರೆ ಮಾಡಿ ಹೊಡೀರಿ.”