ಎಳೆದಿದ್ದ ಬ್ರೇಕು

"ಹ್ಯಾಂಡ್‌ಬ್ರೇಕ್ ಎಳೆಯೋಕೆ ಬರದ ಕೈ ಇದು, ಎಲ್ಲರೂ ನೋಡ್ಕೊಳ್ಳಿ! ಈ ಕೈಗೆ ನಾಳೆ ಹುಹಾನಾ ಅಜ್ಜಿ ಶವದ ಪೆಟ್ಟಿಗೆ ಕೊಡ್ತೀರಾ? ಗುಡ್ಡ ಹತ್ತೋವಾಗ ಅರ್ಧ ದಾರೀಲಿ ಅವಳನ್ನ ವಾಪಸ್ ಕೆಳಕ್ಕೆ ಉರುಳಿಸ್ತಾನೆ!"

ತಿಪೆನೆ ಮಾವ ನಿಕೋರಾನ ಮಣಿಕಟ್ಟು ಹಿಡಿದು, ಕೊಳೆತ ಮೀನನ್ನು ಬಾಲ ಹಿಡಿದು ತೋರಿಸುವ ಹಾಗೆ ಮೇಲಕ್ಕೆತ್ತಿದ. ದೋಣಿ ಇಳಿಸುವ ಇಳಿಜಾರಿನಲ್ಲಿ ನೆರೆದಿದ್ದ ಅರ್ಧ ಊರು ನಕ್ಕಿತು. ಕೆಳಗೆ ಊರಿನ ಪಿಕಪ್ಪು ಟ್ರೇಲರಿನ ಸಮೇತ ಕಡಲಿಗೆ ಜಾರಿ, ಮೂತಿ ಮಾತ್ರ ಮೇಲೆ ಮಾಡಿಕೊಂಡು ಕೂತಿತ್ತು. ಸಾವಿನ ಮನೆಗೆ ಬರುವ ನೆಂಟರಿಗೆ ಚಿಪ್ಪುಮೀನು ತರಬೇಕಿದ್ದ ದೋಣಿಯನ್ನು ಅದಕ್ಕೆ ಮೊದಲೇ ಇಳಿಸಿ ಕಟ್ಟೆಗೆ ಕಟ್ಟಿದ್ದರು. ಅದೊಂದು ಉಳಿದಿತ್ತು.

"ಎಳೆದಿದ್ದೆ ಮಾವ. ಕಟಕಟ ಅಂತ ಕೊನೇ ತನಕ ಎಳೆದಿದ್ದೆ."

"ಹಂಗಾದ್ರೆ ಸೀಗಡಿ ಒಳಗೆ ಹತ್ತಿ ಬಿಡಿಸ್ತೇನೋ!"

ಮತ್ತೆ ನಗು. ನಿಕೋರಾನ ಕಿವಿ ಕಾದುಹೋಯಿತು. ಅವನು ಶಾಲೆ ಬಿಟ್ಟ ವರ್ಷ ಇದೇ ಪಿಕಪ್ಪಿನಲ್ಲಿ, ಇದೇ ಗುಡ್ಡದ ಮೇಲೆ ಅವನಿಗೆ ಗಾಡಿ ಕಲಿಸಿದವಳು ಹುಹಾನಾ ಅಜ್ಜಿ. 'ಕೊನೇ ಸಲ ಗುಡ್ಡದ ಮೇಲಿನ ಮಸಣಕ್ಕೆ ನನ್ನನ್ನ ನಿಕೋರಾನೇ ಹತ್ತಿಸ್ಲಿ' ಎಂದು ಬಾಯಿಬಿಟ್ಟು ಹೇಳಿ ಸತ್ತಿದ್ದಳು. ಎಳೆದಿದ್ದೆನೋ ಇಲ್ಲವೋ? ಒಂದು ಗಳಿಗೆ ಅವನಿಗೆ ತನ್ನ ಕೈಯ ಮೇಲೇ ಅನುಮಾನ ಬಂತು. ಇಲ್ಲ, ಎಳೆದಿದ್ದ. ಹಾಗಾದರೆ ಬಿಡಿಸಿದವರು ಯಾರು? ತಾನು ಇಳಿದ ಮೇಲೆ ಪಿಕಪ್ಪಿನ ಬಾಗಿಲು ತೆಗೆದವನು, ದೋಣಿ ಇಳಿಸಲು ಜೊತೆಗೆ ಬಂದಿದ್ದ ಹೇಟಾ ಒಬ್ಬನೇ. ಅವನು ಆಚೆ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ.

"ನನ್ನ ಮುಖ ಏನ್ ನೋಡ್ತೀಯೋ?" ಎಂದ ಹೇಟಾ. "ಕೋಟು ತಗೊಂಡೆ, ಬಾಗಿಲು ಹಾಕ್ದೆ. ಅಷ್ಟೇ."

ಅಷ್ಟರಲ್ಲಿ ರಿಪೆಕಾ ಅಕ್ಕ ಟ್ರ್ಯಾಕ್ಟರ್ ತಂದಳು. ಪಿಕಪ್ಪಿನ ಮೂತಿಯ ಕೆಳಗಿನ ಬಳೆಗೆ ಹಗ್ಗದ ಕೊಂಡಿ ಸಿಕ್ಕಿಸಿ, ಜನರತ್ತ ತಿರುಗಿ ಕೂಗಿದಳು: "ಹಗ್ಗ ಹರಿದ್ರೆ ಕುತ್ತಿಗೆ ಹಾರಿಸುತ್ತೆ! ಎಲ್ಲ ಆ ಗೋಡೆ ಆಚೆ ಹೋಗ್ರಿ!" ಜನ ಗೊಣಗುತ್ತ ಹೋದರು. ಟ್ರೇಲರ್ ಅಡ್ಡ ತಿರುಗದ ಹಾಗೆ ನೋಡಿಕೊಳ್ಳಲು ನಿಕೋರಾ ಮಾತ್ರ ಪಿಕಪ್ಪಿನ ಪಕ್ಕಕ್ಕೆ, ದೂರದಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತ.

"ಒಳಗೆ ನಾನೇ ಕೂರ್ತೀನಿ. ಇವನು ಇನ್ನು ಸ್ಟೀರಿಂಗ್ ಮುಟ್ಟಬಾರದು," ಎಂದ ತಿಪೆನೆ. ಮಿರಮಿರ ಮಿಂಚುವ ಕಪ್ಪು ಬೂಟನ್ನು ಕಳಚಿ ಒಣಗಿದ ಜಾಗದಲ್ಲಿಟ್ಟ. ಸಂಜೆ ಊರು ಸೇರುವ ಸಭೆಮನೆಯಾದ ಮರಾಯೆಯ ಅಂಗಳದಲ್ಲಿ, ಪೆಟ್ಟಿಗೆಯ ಮುಂದೆ ನಿಂತು ಊರಿನ ಪರವಾಗಿ ನೆಂಟರನ್ನು ಮಾತಾಡಿ ಬರಮಾಡಿಕೊಳ್ಳುವವನು ಅವನೇ. ಬೆಳಿಗ್ಗೆ ಆ ಬೂಟು ನೆನೆಯದ ಹಾಗೆ ಮೇಲೇ ನಿಂತು, 'ಇನ್ನೂ ಹಿಂದೆ, ಇನ್ನೂ ಹಿಂದೆ' ಎಂದು ಕೈ ಬೀಸಿ ಪಿಕಪ್ಪನ್ನು ಪಾಚಿಯವರೆಗೂ ಇಳಿಸಿದವನೂ ಅವನೇ.

"ಗೇರ್ ತೆಗೆದ್ಯಾ ಮಾವ? ಬ್ರೇಕ್ ಬಿಟ್ಟ್ಯಾ?" ರಿಪೆಕಾ ಕೇಳಿದಳು.

ತಿಪೆನೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗೋಡೆಯಾಚೆಯವರಿಗೂ ಕೇಳುವ ಹಾಗೆ ಕಿರುಚಿದ: "ಗೇರ್ ತೆಗೆದೆ! ಬ್ರೇಕ್ ಎಳೆದಿದ್ರೆ ತಾನೇ ಬಿಡೋದು!"

ಹಗ್ಗ ಬಿಗಿಯಿತು. ಟ್ರ್ಯಾಕ್ಟರ್ ಕರಿ ಹೊಗೆ ಕಕ್ಕಿ ಏದುಸಿರು ಬಿಟ್ಟಿತು. ಪಿಕಪ್ಪು ಕದಲಿತು, ಆದರೆ ಉರುಳಲಿಲ್ಲ. ನೀರಿನಿಂದ ಎದ್ದ ಹಿಂದಿನ ಗಾಲಿ ತಿರುಗಲೇ ಇಲ್ಲ, ಹಟ ಹಿಡಿದ ಎತ್ತಿನ ಕಾಲಿನ ಹಾಗೆ ಪಾಚಿಯನ್ನು ಕೆರೆಯುತ್ತ ಮೇಲೆ ಬಂತು. ನಿಕೋರಾ ಬಾಯಿ ತೆರೆದು ನಿಂತುಬಿಟ್ಟ. ಬ್ರೇಕು ಎಳೆದೇ ಇತ್ತು. ಯಾರೂ ಬಿಡಿಸಿರಲಿಲ್ಲ. ಈ ಬ್ರೇಕು ಹಿಡಿಯುವುದು ಹಿಂದಿನ ಗಾಲಿ ಎರಡನ್ನೇ, ಆ ಎರಡೂ ಪಾಚಿಯ ಮೇಲಿದ್ದವು. ಹಿಡಿದ ಗಾಲಿಯೇ ಜಾರಿತ್ತು.

ಟ್ರ್ಯಾಕ್ಟರಿನ ಮೇಲಿಂದ ರಿಪೆಕಾ ಹಿಂದಕ್ಕೆ ತಿರುಗಿ ನೋಡಿದಳು. ಪಿಕಪ್ಪಿನೊಳಗೆ ತಿಪೆನೆಯ ಎಡಭುಜ ಬ್ರೇಕಿನ ಕಡೆ ಸ್ವಲ್ಪ ಕೆಳಗಿಳಿಯಿತು, ಅಷ್ಟೇ. ಗಾಲಿ ಗರ್ರನೆ ತಿರುಗಿತು. ಗಾಡಿ ಹಗುರಾಗಿ ಮೇಲೆ ಬಂದು ನಿಂತಿತು.

"ಬನ್ರೋ, ಬಂದು ನೋಡ್ರೋ!" ತಿಪೆನೆ ಬಾಗಿಲು ಹಾರುಹೊಡೆದ. "ಬ್ರೇಕು ಕೆಳಗೇ ಇದೆ! ಯಾರ ಬಾಯಿ ಸುಳ್ಳು, ಕಣ್ಣಾರೆ ನೋಡಿ!"

ರಿಪೆಕಾ ಕೊಂಡಿ ಬಿಚ್ಚತೊಡಗಿದಳು. ಜನ ಇನ್ನೂ ಇಳಿದು ಬರುತ್ತಿದ್ದರು. ಅಷ್ಟರೊಳಗೆ ತಿಪೆನೆ ನಿಕೋರಾನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ದನಿ ಬೇರೆಯಾಗಿತ್ತು.

"ನೋಡು ಅಳಿಯಾ, ನೀನೇನು ನೋಡ್ದೆಯೋ ನಂಗೊತ್ತಿಲ್ಲ. ಸಂಜೆ ಅಜ್ಜಿ ಮುಂದೆ ನಿಂತು ಮಾತಾಡೋನು ನಾನು. ನೆಂಟರು ಕಿಸಿಕಿಸಿ ಅಂದ್ರೆ ಊರಿನ ಮರ್ಯಾದೆ ಏನಾಗ್ಬೇಕು? ಮರೆತೆ ಅಂತ ಒಂದು ಮಾತು ಹೇಳ್ಬಿಡು. ಚಿಕ್ಕ ಹುಡುಗ, ಯಾರೂ ಏನೂ ಅನ್ನಲ್ಲ. ನಾಳೆ ಅಜ್ಜಿನ ನೀನೇ ಕರ್ಕೊಂಡು ಹೋಗು. ತಗೋ."

ತಿಪೆನೆ ಚಾಚಿದ ಒದ್ದೆ ಅಂಗೈಯಲ್ಲಿ ಪಿಕಪ್ಪಿನ ಕೀ ಇತ್ತು.

ಜನ ಸುತ್ತ ನಿಂತರು. "ಹೇಳಪ್ಪಾ ನಿಕೋರಾ," ತಿಪೆನೆ ಈಗ ಎಲ್ಲರಿಗೂ ಕೇಳುವ ಹಾಗೆ ಅಂದ. "ಎಳೆದಿದ್ಯೋ, ಮರೆತಿದ್ಯೋ?"

ನಿಕೋರಾ ಕೀಯನ್ನು ನೋಡಿದ. ಮುಟ್ಟಲಿಲ್ಲ. ಹೆಗಲ ಮೇಲಿನ ಕೈಯನ್ನು ಕೆಳಗಿಳಿಸಿ, ಬೆನ್ನು ತಿರುಗಿಸಿ, ಜನರ ನಡುವೆಯೇ ಹಾದು ಇಳಿಜಾರು ಹತ್ತಿದ.

"ಕೇಳಿದ್ದಕ್ಕೆ ಹೇಳೋ!" ತಿಪೆನೆ ಕೂಗಿದ. ಇನ್ನೊಮ್ಮೆ ಕೂಗಿದ. ಮೂರನೆಯ ಸಲ ಆ ಕೂಗು ಬೇಡಿಕೊಂಡ ಹಾಗೆ ಕೇಳಿಸಿತು, ಜನ ನಿಕೋರಾನನ್ನು ಬಿಟ್ಟು ತಿಪೆನೆಯ ಮುಖವನ್ನೇ ನೋಡತೊಡಗಿದರು. ನಿಕೋರಾ ಆಗಲೇ ಗುಡ್ಡದ ದಾರಿಯಲ್ಲಿ ಕಾಲೆಳೆಯದೆ ನಡೆಯುತ್ತಿದ್ದ.